ಕೂಡಿಟ್ಟ ನೀರು

ರಾತ್ರಿ ಗೇಟಿನ ಹತ್ತಿರ ಏನೋ ಕೆರೆದ ಸಣ್ಣ ಸದ್ದು. ಹೆಗ್ಗಣವಿರಬೇಕು ಅಂದುಕೊಂಡೆ. ಆದರೆ ಹೆಗ್ಗಣ ಒಂದೇ ಸಮನೆ ಕೆರೆಯುತ್ತದೆ. ಇದು ಸ್ವಲ್ಪ ಕೆರೆದು, ನಿಂತು, ಮತ್ತೆ ಶುರುವಾಗುತ್ತಿತ್ತು, ಯಾರೋ ಯೋಚಿಸಿಕೊಂಡು ಮಾಡುತ್ತಿರುವ ಹಾಗೆ.

ನನ್ನ ನಿದ್ದೆ ಮೊದಲೇ ತೆಳು. ಮಗಳು ಮೇಘಶ್ರೀ ಚೊಚ್ಚಲ ಹೆರಿಗೆಗೆಂದು ಮನೆಗೆ ಬಂದ ಮೇಲೆ ಅದೂ ಹೋಗಿತ್ತು. ಎದ್ದು, ದೀಪ ಹಾಕದೆ, ಹಾಲಿನ ಕಿಟಕಿಯ ಪರದೆ ಸರಿಸಿದೆ. ಬೀದಿದೀಪದ ಬೆಳಕಿನಲ್ಲಿ ನಮ್ಮ ಗೇಟಿನ ಮುಂದೆ ಶಂಕ್ರವ್ವ ಕುಕ್ಕರಗಾಲಲ್ಲಿ ಕೂತಿದ್ದಳು. ತಲೆಯ ಮೇಲೆ ಸೆರಗು, ಕೈಯಲ್ಲಿ ಸೀಮೆಸುಣ್ಣದ ತುಂಡು. ಗೇಟಿನ ತಗಡಿನ ಮೇಲೆ ಒಂದು ಸುತ್ತು ಬರೆದಳು, ಅದರೊಳಗೆ ರೈಟ್ ಗುರುತು ಹಾಕಿದಳು, ಕೆಳಗೆ ತಾರೀಖು ಬರೆದಳು. ಹಿಂದಕ್ಕೆ ವಾಲಿ ನೋಡಿದಳು. ಸುತ್ತು ಒಂದು ಕಡೆ ಸರಿಯಿಲ್ಲವೆನಿಸಿತೋ ಏನೋ, ಬೆರಳಿನಿಂದ ಒರೆಸಿ ತಿದ್ದಿದಳು. ಆಮೇಲೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಮೇಲೆ ಹೋದಳು.

ಶಂಕ್ರವ್ವ ನಮ್ಮ ಮೇಲಿನ ಮನೆಯ ಬಾಡಿಗೆಯವಳು. ಗಂಡ ತಿಪ್ಪಣ್ಣ ಕೋರಮಂಗಲದ ಒಂದು ಆಫೀಸಿನಲ್ಲಿ ಡ್ರೈವರ್. ಬಾಗಲಕೋಟೆ ಕಡೆಯವರು. ಬಿಟಿಎಂ ಲೇಔಟಿನ ನಮ್ಮ ಮನೆಯಲ್ಲಿ ಮೇಲೆ ಅರ್ಧಕ್ಕೆ ಅವರ ಮನೆ, ಇನ್ನರ್ಧ ತೆರೆದ ತಾರಸಿ. ಗೇಟು ಎರಡು ಮನೆಗೂ ಒಂದೇ.

ಅದು ಚಿಕೂನ್‌ಗುನ್ಯಾ ಹಬ್ಬಿದ್ದ ವರ್ಷ, ಎರಡು ಸಾವಿರದ ಆರು. ಬೀದಿಯಲ್ಲಿ ಮನೆಗೊಬ್ಬರು ಗೋಡೆ ಹಿಡಿದು ನಡೆಯುತ್ತಿದ್ದರು. ಎದುರುಮನೆಯ ನಾಗಲಕ್ಷ್ಮಮ್ಮನವರಿಗೆ ಕಾಫಿ ಲೋಟ ಹಿಡಿಯಲು ಬೆರಳು ಮಡಚುತ್ತಿರಲಿಲ್ಲ. ಹೆಲ್ತ್‌ನವರು ತಂಡವಾಗಿ ಮನೆಮನೆಗೆ ಬಂದು ಡ್ರಮ್ಮು, ತೊಟ್ಟಿ, ಹೂಕುಂಡ ಎಲ್ಲವನ್ನೂ ಇಣುಕಿ, ನಿಂತ ನೀರನ್ನು ಚೆಲ್ಲಿಸುತ್ತಿದ್ದರು. ನೋಡಿಯಾದ ಮನೆಯ ಗೇಟಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಸುತ್ತು, ರೈಟ್ ಗುರುತು, ತಾರೀಖು. ಗುರುತಿದ್ದ ಮನೆಗೆ ಆ ಸರದಿಯಲ್ಲಿ ಮತ್ತೆ ಬರುತ್ತಿರಲಿಲ್ಲ.

ಶಂಕ್ರವ್ವ ಬರೆದದ್ದು ಆ ಗುರುತನ್ನೇ.

ಬೆಳಿಗ್ಗೆ ಹಾಲು ತರಲು ಹೋದಾಗ ಹತ್ತಿರದಿಂದ ನೋಡಿದೆ. ಅಚ್ಚುಕಟ್ಟಾಗಿತ್ತು, ರಂಗೋಲಿಯ ಕೈ. ಒರೆಸಿಬಿಡಲೇ ಎಂದು ಸೆರಗಿನ ತುದಿ ಹಿಡಿದೆ. ಅಷ್ಟರಲ್ಲಿ ನಾಗಲಕ್ಷ್ಮಮ್ಮ ಅವರ ಬಾಗಿಲಿನಿಂದ ಕೂಗಿದರು. "ಅನ್ನಪೂರ್ಣ, ನಿಮ್ಮನೆ ನೋಡ್ಕೊಂಡು ಹೋದ್ರಾ? ಪುಣ್ಯವಂತರು ಬಿಡಿ. ನಮ್ಮನೇಲಿ ಹೋದ ಸಲ ಹೂಕುಂಡಾನೂ ಬಿಡ್ಲಿಲ್ಲ, ನಮ್ಮನೆಯವರ ಹಲ್ಲುಸೆಟ್ ಇಟ್ಟಿದ್ದ ಲೋಟಾನೂ ಬಿಡ್ಲಿಲ್ಲ."

ನಾನು ನಕ್ಕು ಒಳಗೆ ಬಂದೆ.

ಆ ಬೆಳಿಗ್ಗೆಯೇ ತಂಡ ನಮ್ಮ ಬೀದಿಗೆ ಬಂತು. ಕಿಟಕಿಯ ಹಿಂದೆ ನಿಂತು ನೋಡಿದೆ. ಒಬ್ಬ ನಮ್ಮ ಗೇಟಿನ ಮುಂದೆ ನಿಂತ, ಗುರುತು ನೋಡಿದ, ಮುಂದಿನ ಮನೆಗೆ ಹೋದ. ಅವನನ್ನು ಕರೆಯಬೇಕಿತ್ತು. ನಾನು ಪರದೆ ಎಳೆದೆ.

"ಅಮ್ಮ, ಹೆಲ್ತ್‌ನೋರು ನಮ್ಮನೆಗೆ ಬರಲೇ ಇಲ್ವಲ್ಲ?" ಮೇಘಶ್ರೀ ಕೋಣೆಯಿಂದ ಕೇಳಿದಳು. ಕಾಲು ಚಾಚಿ ಮಂಚದ ಮೇಲೆ ಕೂತಿದ್ದವಳು ಮೊಣಕೈ ಕೆರೆದುಕೊಳ್ಳುತ್ತಿದ್ದಳು. "ಹಗಲು ಹೊತ್ತೇ ಕಚ್ತಾವೆ ನೋಡು ಇವು. ಕಾಲಿಗೆ ಬಿಳಿ ಪಟ್ಟೆ."

ನಾನು ಅವಳ ಕೋಣೆಯ ಕಿಟಕಿ ಮುಚ್ಚಿದೆ. ಜಯನಗರದ ಡಾಕ್ಟರಮ್ಮ ಹೇಳಿದ್ದರು: ಕೊನೆಯ ತಿಂಗಳುಗಳಲ್ಲಿ ಈ ಜ್ವರ ಬಂದರೆ ಕೂಸಿಗೆ ಒಳ್ಳೆಯದಲ್ಲ, ಸೊಳ್ಳೆಯಿಂದ ಜೋಪಾನ ಮಾಡಿ, ನಮ್ಮ ಕೈಲಿ ಬೇರೇನೂ ಇಲ್ಲ. ಅವರು ಸಹಜವಾಗಿ ಹೇಳಿದ ಆ ಕಡೆಯ ಮಾತು ನನ್ನನ್ನು ರಾತ್ರಿಯೆಲ್ಲ ಏಳಿಸುತ್ತಿತ್ತು.

ತಿಂಡಿಗೆ ಕೂತಾಗ ಗಂಡ ಸೋಮನಾಥ್ ಪೇಪರಿನಿಂದ ತಲೆಯೆತ್ತದೆ ಹೇಳಿದರು. "ಮೇಲಿನೋರಿಗೆ ಹೇಳಿದೀನಿ. ನಿಮ್ಮ ನೀರಲ್ಲಿ ಒಂದು ಹುಳ ಸಿಕ್ಕಿದ್ರೂ ಮನೆ ಖಾಲಿ ಮಾಡ್ಬೇಕು ಅಂತ."

"ಯಾವಾಗ ಹೇಳಿದ್ರಿ?"

"ಮೇಘಾ ಬಂದ ದಿನವೇ. ಭಯ ಇದ್ರೆ ಸರಿಯಾಗಿರ್ತಾರೆ."

ನನಗೆ ಗೊತ್ತಿರಲಿಲ್ಲ. ಅವರ ಮಾತಿನಲ್ಲಿ ಕೆಟ್ಟತನವಿರಲಿಲ್ಲ. ಮಗಳ ಮೇಲಿನ ಪ್ರೀತಿ ಅವರ ಬಾಯಲ್ಲಿ ಹಾಗೆಯೇ ಬರುವುದು. ಬೀದಿಯ ಸಭೆ ನಡೆದಾಗ ಹೆಲ್ತ್ ಇನ್‌ಸ್ಪೆಕ್ಟರ್ ಸಂಜೀವಯ್ಯನವರು ನನ್ನನ್ನು ಪಕ್ಕಕ್ಕೆ ಕರೆದು, "ಮೇಡಂ, ನೀವು ಓದಿದವರು. ಯಾರಾದ್ರೂ ನೀರು ಬಚ್ಚಿಟ್ರೆ ಒಂದು ಫೋನ್ ಮಾಡಿ, ನಿಮ್ಮ ಹೆಸರು ಹೊರಗೆ ಬರಲ್ಲ" ಎಂದಿದ್ದರು. ನಾನು ತಲೆಯಾಡಿಸಿದ್ದೆ. ಈಗ ಫೋನ್ ಮಾಡಿದರೆ ಶಂಕ್ರವ್ವ ಮನೆ ಕಳೆದುಕೊಳ್ಳುತ್ತಾಳೆ. ಮಾಡದಿದ್ದರೆ, ಆ ಪಟ್ಟೆಕಾಲಿನ ಸೊಳ್ಳೆ.

ಸೋಮನಾಥ್ ಆಫೀಸಿಗೆ ಹೊರಟ ನಂತರ ಮೇಲಿನ ಮನೆಗೆ ಹೋದೆ. ಶಂಕ್ರವ್ವನ ಪೂಜೆ ಆಗಷ್ಟೇ ಮುಗಿದಿತ್ತು. ಹಣೆಯಲ್ಲಿ ವಿಭೂತಿ ಇನ್ನೂ ಒದ್ದೆಯಾಗಿತ್ತು.

"ಬರ್ರಿ ಅಕ್ಕಾರ, ಕುಂದರ್ರಿ. ಚಾ ಇಡ್ತೀನಿ."

"ಚಾ ಬೇಡ ಶಂಕ್ರವ್ವ. ಗೇಟಿನ ಮೇಲಿನ ಗುರುತಿನ ವಿಷಯ ಕೇಳೋಣ ಅಂತ ಬಂದೆ."

"ಹೆಲ್ತ್‌ನವ್ರು ಬರದು ಹೋಗ್ಯಾರಲ್ರಿ."

"ರಾತ್ರಿ ಬಂದಿದ್ರಾ?"

ಅವಳು ಚಾಪೆ ಹಾಸುತ್ತಿದ್ದವಳು ಹಾಗೆಯೇ ನಿಂತಳು. "ನೋಡಿದ್ರೇನ್ರಿ?"

"ನೋಡ್ದೆ."

"ಸಾಹೇಬ್ರೂ ನೋಡಿದ್ರೇನ್ರಿ?"

"ಇಲ್ಲ."

ಅವಳು ಚಾಪೆಯನ್ನು ಪೂರ್ತಿ ಬಿಡಿಸಿ, ತಾನು ನೆಲದ ಮೇಲೆ ಕೂತಳು. ಸುಳ್ಳು ಹೇಳಲು ಒಮ್ಮೆ ಪ್ರಯತ್ನಿಸಿ, ಅದು ಆಗದೆಂದು ತಿಳಿದವರ ಮುಖದಲ್ಲಿ ಒಂದು ಬಗೆಯ ನಿರಾಳವಿರುತ್ತದೆ. ಅದು ಅವಳ ಮುಖದಲ್ಲಿತ್ತು.

"ಮದ್ಲನೇ ಸಲ ಅವರು ಬಂದಾಗ ನಾನ ಬಾಗಲಾ ತಗದು ಕರದೇನ್ರಿ. ಸರಕಾರದವ್ರು, ನಮ್ಮ ಚೊಲೋಕ್ಕ ಬಂದಾರ ಅಂತ. ಬೂಟ ಹಾಕ್ಕೊಂಡ ಸೀದಾ ಒಳಗ ಹೋದ್ರು. ದೇವ್ರ ಜಗಲಿ ಮುಂದಿನ ಕೊಡ ಲಿಂಗಪೂಜಿದೈತಿ, ಅದನ್ನ ಮುಟ್ಟಬ್ಯಾಡ್ರಿ ಅಂದೆ. ಒಬ್ಬಾಂವ ನಕ್ಕ. 'ಸೊಳ್ಳೆಗೇನ್ ಗೊತ್ತಮ್ಮ ಅದು ದೇವ್ರ ನೀರು ಅಂತ' ಅಂದು ಬಚ್ಚಲಕ್ಕ ಸುರುವಿದ."

"ಅದರಲ್ಲಿ ಹುಳ ಇತ್ತಾ?"

"ದಿನಾ ಮುಂಜಾನೆ ತುಂಬೂ ಕೊಡದಾಗ ಹುಳಾ ಎಲ್ಲಿಂದ ಬರಬೇಕ್ರಿ?"

ನಮ್ಮ ಅತ್ತೆ ಬದುಕಿದ್ದಾಗ ಅವರ ಲಿಂಗಪೂಜೆಯ ನೀರನ್ನು ನಾನೂ ಬೇರೆ ತಂಬಿಗೆಯಲ್ಲಿ, ಯಾರ ಕೈಯೂ ತಾಗದಂತೆ ತುಂಬಿಡುತ್ತಿದ್ದೆ. ಅತ್ತೆ ಹೋದ ಮೇಲೆ ನಮ್ಮ ಮನೆಯಲ್ಲಿ ಆ ಪದ್ಧತಿ ನಿಂತಿತ್ತು. ಆದರೂ ಬಚ್ಚಲಿಗೆ ಸುರಿದ ಅಂದಾಗ ನನ್ನ ಕಣ್ಣು ಆ ಕೊಡದ ಕಡೆಗೆ ಹೋಯಿತು.

"ಹೋಗ್ಲಿ ಅಂತ ಬಿಟ್ಟೇನ್ರಿ. ಆಮ್ಯಾಲ ಸೋಮವಾರ ಬಂತು. ಸೋಮವಾರ ನಾ ಬಾಗಲಾ, ಗೇಟ ಎಲ್ಲಾ ತೊಳೀತೀನಲ್ರಿ, ಅವರ ಗುರುತು ಅಳಿಸಿಹೋತು. ನನಗೇನ್ ಗೊತ್ತು? ಮರುದಿನ ಹೊಳ್ಳಿ ಬಂದ್ರು. ಗುರುತಿಲ್ಲ ಅಂತ ಆಗಷ್ಟ ತುಂಬಿಟ್ಟ ಡ್ರಮ್ಮು ಪೂರಾ ಚೆಲ್ಲಿದ್ರು. ನಮ್ಮ ಕಡೆ ನೀರು ಚೆಲ್ಲೂದಂದ್ರ ಅನ್ನ ಚೆಲ್ಲಿದಂಗ್ರಿ. ಅವತ್ತ ನಾ ಅತ್ತೇನ್ರಿ, ಸಣ್ಣ ಹುಡುಗಿ ಹಂಗ."

"ಕೆಳಗೆ ಬಂದು ಹೇಳಬಾರದಾಗಿತ್ತಾ? ಮೋಟರ್ ಹಾಕ್ತಿದ್ವಿ."

"ಒಮ್ಮೆ ಕೇಳಿದ್ವಲ್ರಿ," ಅಂದಳು, ದೂರಿನ ಧ್ವನಿಯಿಲ್ಲದೆ.

ಹೌದು, ಕೇಳಿದ್ದರು. ಬೇಸಿಗೆಯಲ್ಲಿ ಟ್ಯಾಂಕ್ ಖಾಲಿಯಾದಾಗ ತಿಪ್ಪಣ್ಣ ಬಾಗಿಲಲ್ಲಿ ನಿಂತಿದ್ದ. ಮೋಟರಿನ ಸ್ವಿಚ್ಚು ನಮ್ಮ ಅಡುಗೆಮನೆಯಲ್ಲಿದೆ. ಬೆಳಿಗ್ಗೆ ಒಂದು ಹೊತ್ತು ಮಾತ್ರ ಹಾಕುವುದು ಸೋಮನಾಥ್ ಮಾಡಿದ್ದ ನಿಯಮ. "ಕರೆಂಟ್ ಬಿಲ್ ನಿಮ್ಮ ಆಫೀಸಿನ ಸಾಹೇಬ್ರು ಕಟ್ತಾರೇನೋ?" ಎಂದು ತಮಾಷೆಯಾಗಿಯೇ ಕೇಳಿದ್ದರು. ತಿಪ್ಪಣ್ಣನೂ ನಕ್ಕಿದ್ದ. ಆಮೇಲೆ ಆ ಮನೆಯವರು ಏನನ್ನೂ ಕೇಳಿರಲಿಲ್ಲ.

"ಶಂಕ್ರವ್ವ, ಕೆಳಗೆ ನನ್ನ ಮಗಳಿದಾಳೆ."

"ಗೊತ್ತೈತ್ರಿ. ನಾನೂ ದಿನಾ ಆಕಿ ಹೆಸರ್ಲೆ ಒಂದು ಬಿಲ್ವಪತ್ರಿ ಏರಸ್ತೀನಿ." ಚಾಪೆಯ ಅಂಚು ನೇವರಿಸುತ್ತಾ ಅಂದಳು, "ಆದ್ರ ಅಕ್ಕಾರ, ಈ ಚಿಕನ್‌ಗುನ್ಯಾ ಬ್ಯಾನಿ ಕೋಳಿ ತಿನ್ನಾವ್ರಿಗೆ ಬರೂದಂತ್ರಿ. ನಾವು ತತ್ತೀನೂ ಮುಟ್ಟಂಗಿಲ್ಲ, ನೀವೂ ಮುಟ್ಟಂಗಿಲ್ಲ."

"ನಾಗಲಕ್ಷ್ಮಮ್ಮ ಬೆಳ್ಳುಳ್ಳಿನೂ ತಿನ್ನಲ್ಲ."

ಅವಳು ನಗಲು ಹೊರಟವಳು ನಿಲ್ಲಿಸಿದಳು. ಎದುರುಮನೆಯ ಕಡೆಗೆ ಒಮ್ಮೆ ನೋಡಿದಳು.

"ಇನ್‌ಸ್ಪೆಕ್ಟರ್ ಒಬ್ರೇ ಬರ್ತಾರೆ," ಅಂದೆ. "ನಿಮ್ಮ ಪೂಜೆ ಮುಗಿದ ಮೇಲೆ. ಶೂ ಬಿಚ್ಚಿ. ಚೆಲ್ಲಬೇಕು ಅಂದ್ರೆ ನೀವೇ ಚೆಲ್ಲಿ, ಗಿಡಕ್ಕೆ ಹಾಕಿ. ನಾನು ಆಗಲೇ ಮೋಟರ್ ಹಾಕ್ತೀನಿ. ಆಗಬಹುದಾ?"

"ಅವರು ಕೇಳ್ತಾರೇನ್ರಿ?"

"ಕೇಳಿ ನೋಡ್ತೀನಿ."

"ನೋಡ್ರಿ," ಅಂದಳು. ಅದು ಒಪ್ಪಿಗೆಯೋ ಅಲ್ಲವೋ ನನಗೆ ತಿಳಿಯಲಿಲ್ಲ.

ಸಂಜೀವಯ್ಯನವರು ಆರೋಗ್ಯ ಕೇಂದ್ರದಲ್ಲಿ ಒಂದು ಕುರ್ಚಿಯ ಮೇಲೆ ಕೂತು ಇನ್ನೊಂದರ ಮೇಲೆ ಕಾಲಿಟ್ಟಿದ್ದರು. ಅವರಿಗೂ ಜ್ವರ ಬಂದು ಹೋಗಿತ್ತು. ಕಣಕಾಲು ಇನ್ನೂ ಊದಿತ್ತು. ನನ್ನನ್ನು ಕಂಡು ಕಾಲಿಳಿಸಲು ಹೋದರು. ಬೇಡವೆಂದೆ. ದಾರಿಯಲ್ಲೆಲ್ಲ ಮಾತು ಜೋಡಿಸಿಕೊಂಡು ಹೋಗಿದ್ದೆ, ಯಾರ ಹೆಸರೂ ಬಾರದ ಹಾಗೆ.

"ನಮ್ಮ ಮೇಲಿನ ಮನೆ ಇನ್ನೊಂದು ಸಲ ನೋಡಬೇಕಿತ್ತು ಸಾರ್. ನೀವೇ ಬಂದ್ರೆ ಒಳ್ಳೇದು."

"ಗೇಟಲ್ಲಿ ಮಾರ್ಕ್ ಇದೆಯಲ್ಲ ಮೇಡಂ."

"ಇದೆ," ಅಂದೆ.

"ನಮ್ಮ ಹುಡುಗರು ಬರೆದ್ರೆ ಕಾಗೆಕಾಲು ಇದ್ದ ಹಾಗಿರುತ್ತೆ," ಅಂದರು. "ಬೆಳಿಗ್ಗೆ ನಿಮ್ಮ ಬೀದಿಯಲ್ಲಿ ಹೋದೆ. ನಿಮ್ಮ ಗೇಟಿಂದು ಫ್ರೇಮ್ ಹಾಕಿಸೋ ಹಾಗಿದೆ."

ನನ್ನ ಕಿವಿ ಬಿಸಿಯಾಯಿತು. "ಗೊತ್ತಿದ್ದೂ ಒಳಗೆ ಬರಲಿಲ್ವಲ್ಲ?"

"ಜೋರು ಮಾಡಿ ಹೋದ್ರೆ ಅವರು ತೋರಿಸಿದ್ದನ್ನ ನೋಡ್ಕೊಂಡು ಬರ್ತೀವಿ, ಅಷ್ಟೆ. ತೋರಿಸದೇ ಇರೋದು ಅಲ್ಲೇ ಇರುತ್ತೆ. ಸೊಳ್ಳೆ ಅಲ್ಲಿಂದ ಬರೋದು." ಕಾಲನ್ನು ನಿಧಾನವಾಗಿ ಇಳಿಸಿದರು. "ನಮ್ಮೋರು ಏನಾದ್ರೂ ಅಂದ್ರಾ ಅವರಿಗೆ?"

ಪೂಜೆಯ ಕೊಡದ ಮಾತು ಹೇಳಿದೆ. ಅವರು ಸ್ವಲ್ಪ ಹೊತ್ತು ಮೇಜಿನ ಮೇಲಿನ ಔಷಧಿ ಬಾಟಲಿಯನ್ನು ಆಚೀಚೆ ಸರಿಸಿದರು. "ಆ ಹುಡುಗನೂ ಏನ್ ಮಾಡ್ತಾನೆ ಮೇಡಂ, ದಿನಕ್ಕೆ ಎಷ್ಟೋ ಮನೆ. ಎಲ್ಲರ ಮನೇಲೂ ಬೈಸ್ಕೊಂಡು ಬೈಸ್ಕೊಂಡು ಒಂದು ಕಡೆ ನಕ್ಕುಬಿಟ್ಟಿರ್ತಾನೆ. ತಪ್ಪೇ. ನಾಳೆ ಬರ್ತೀನಿ."

ಮರುದಿನ ಬಂದರು. ಮೆಟ್ಟಿಲನ್ನು ಕಂಬಿ ಹಿಡಿದು ಒಂದೊಂದಾಗಿ ಹತ್ತಿದರು. ಮೇಲೆ ಬಾಗಿಲಲ್ಲಿ ಶಂಕ್ರವ್ವ ಕೈ ಕಟ್ಟಿ ನಿಂತಿದ್ದಳು. ಸಂಜೀವಯ್ಯ ಶೂ ಲೇಸು ಬಿಚ್ಚಲು ಬಗ್ಗಿದರು. ಬೆರಳು ಗಂಟನ್ನು ಹಿಡಿಯಲಿಲ್ಲ. ಮೆಟ್ಟಿಲ ಮೇಲೆ ಕೂತು ಮತ್ತೆ ಪ್ರಯತ್ನಿಸಿದರು. ಹಲ್ಲು ಕಚ್ಚಿಕೊಂಡದ್ದು ಕಾಣುತ್ತಿತ್ತು. ನಾನು ಬಗ್ಗಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೆ.

"ಬಿಡ್ರಿ ಸಾಹೇಬ್ರ, ಇರ್ಲಿ," ಅಂದಳು ಶಂಕ್ರವ್ವ. "ಹಂಗ ಬರ್ರಿ ಒಳಗ."

"ಬೇಡಮ್ಮ, ಬಿಚ್ತೀನಿ. ಒಂದು ನಿಮಿಷ."

ಅವರು ಬಿಚ್ಚಿದರು. ಅವಳು ಕಾಯ್ದಳು. ಆ ಹೊತ್ತಿನಲ್ಲಿ ಅವಳ ಕಟ್ಟಿದ ಕೈ ಸಡಿಲವಾಯಿತು.

ಒಳಗೆ ಅವರು ಪ್ರತಿಯೊಂದಕ್ಕೂ ಕೇಳಿದರು. ಇದನ್ನ ನೋಡಲಾ, ಇದರ ಮುಚ್ಚಳ ತೆಗೀತೀರಾ. ದೇವರ ಜಗಲಿಯ ಮುಂದಿನ ಕೊಡದ ಹತ್ತಿರ ಹೋಗಲಿಲ್ಲ. "ಅದು ನೀವೇ ನೋಡಿ ಹೇಳಿಬಿಡಮ್ಮ" ಅಂದರು. ಶಂಕ್ರವ್ವ ನೋಡಿ, "ಏನಿಲ್ರಿ" ಅಂದಳು. ಅವರು ಒಪ್ಪಿಕೊಂಡರು. ಬಚ್ಚಲಿನ ಡ್ರಮ್ಮಿನಲ್ಲಿ ಟಾರ್ಚ್ ಬಿಟ್ಟಾಗ ತಳದಲ್ಲಿ ನಾಲ್ಕಾರು ಸಣ್ಣ ಎಳೆಗಳು ಮಿಸುಕಿದವು. ಅವಳನ್ನು ಕರೆದು ತೋರಿಸಿದರು. ಅವಳು ಬಹಳ ಹೊತ್ತು ನೋಡಿದಳು.

"ಇವು ನೀರಾಗಿನ ಹುಳಾ ಅಲ್ಲೇನ್ರಿ? ನಮ್ಮೂರ ಬಾವ್ಯಾಗೂ ಇರ್ತಿದ್ವು."

"ಇದಕ್ಕೇ ರೆಕ್ಕೆ ಬರುತ್ತಮ್ಮ."

ಅವಳೇ ತಂಬಿಗೆಯಿಂದ ಬಕೆಟ್ಟಿಗೆ ತುಂಬಿ, ಬಿಲ್ವದ ಕುಂಡಕ್ಕೂ ಗೇಟಿನ ಪಕ್ಕದ ದಾಸವಾಳಕ್ಕೂ ಹಾಕಿದಳು. ಡ್ರಮ್ಮನ್ನು ತೆಂಗಿನ ನಾರಿನಿಂದ ತಿಕ್ಕಿದಳು. ನಾನು ಕೆಳಗೆ ಓಡಿ ಮೋಟರ್ ಹಾಕಿ ಬಂದೆ. ಸಂಜೀವಯ್ಯ ಮೆಟ್ಟಿಲ ಮೇಲೆ ಕೂತು ಶೂ ಹಾಕಿಕೊಳ್ಳುತ್ತಿದ್ದರು. ಎಲ್ಲ ಸರಾಗವಾಗಿ ಮುಗಿಯಿತು ಎಂದು ನನಗೆ ಉಸಿರು ಬಂತು.

"ಸಾಹೇಬ್ರ," ಅಂದಳು ಶಂಕ್ರವ್ವ. ಅವಳು ನೋಡುತ್ತಿದ್ದದ್ದು ನನ್ನನ್ನು. "ಇನ್ನೊಂದೈತ್ರಿ."

ತಾರಸಿಯ ಮೂಲೆಯಲ್ಲಿ ನಮ್ಮ ಹಳೆಯ ಬಾಗಿಲು, ಮುರಿದ ಮಂಚದ ಹಲಗೆಗಳನ್ನು ಗೋಡೆಗೆ ಒರಗಿಸಿ ಇಟ್ಟಿದ್ದೆವು. ಅವಳು ಒಂದು ಹಲಗೆ ಸರಿಸಿದಳು. ಹಿಂದೆ ತಾಡಪಾಲು ಹೊದಿಸಿದ ನೀಲಿ ಡ್ರಮ್ಮು. ತಿಪ್ಪಣ್ಣ ಆಫೀಸಿನಿಂದ ತಂದದ್ದಂತೆ. ಎರಡನೇ ಸಲ ನೀರು ಚೆಲ್ಲಿಹೋದ ಮೇಲೆ, ಆಪತ್ತಿಗಿರಲಿ ಎಂದು ರಾತ್ರಿಯಲ್ಲಿ ಬಿಂದಿಗೆ ಬಿಂದಿಗೆಯಾಗಿ ತುಂಬಿಟ್ಟದ್ದು. ತಾಡಪಾಲಿನ ಮಡಿಕೆಗಳಲ್ಲೂ ಮಳೆನೀರು ನಿಂತಿತ್ತು. ಸಂಜೀವಯ್ಯ ಅದನ್ನು ಎತ್ತಿದರು. ಟಾರ್ಚ್ ಬೇಕಾಗಲಿಲ್ಲ. ನೀರಿನ ಮೇಲ್ಮೈಯೇ ಕುದಿಯುತ್ತಿದ್ದ ಹಾಗೆ ಅಲುಗಾಡುತ್ತಿತ್ತು. ಒಳಗಿನಿಂದ ಕೆಲವು ಸೊಳ್ಳೆ ಎದ್ದು ನಮ್ಮ ಮುಖದ ಮುಂದೆಯೇ ಹಾರಿಹೋದವು.

ಅದರ ನೇರ ಕೆಳಗೆ ಮೇಘಶ್ರೀಯ ಕಿಟಕಿ.

ನಾನು ತಾರಸಿಯ ಗೋಡೆಯಿಂದ ಕೆಳಗೆ ಬಗ್ಗಿ ನೋಡಿದೆ. ಈ ಹೆಂಗಸಿನ ಮನೆಯಲ್ಲಿ ಕೂತು ನಾನು ಮಗಳ ಮಾತಾಡಿದಾಗ ಇದು ಇಲ್ಲಿತ್ತು. ಬಿಲ್ವಪತ್ರೆ ಏರಿಸುತ್ತೇನೆ ಅಂದಾಗಲೂ ಇಲ್ಲಿತ್ತು. ಬಾಯಿಗೆ ಬಂದ ಮಾತು ಸಣ್ಣದಾಗಿರಲಿಲ್ಲ. ಹೇಳಿದ್ದರೆ ಅವಳು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದಳು. ಆದರೆ ಅವಳು ತೋರಿಸದೆಯೂ ಇರಬಹುದಿತ್ತು. ಇನ್‌ಸ್ಪೆಕ್ಟರ್ ಶೂ ಹಾಕಿಕೊಂಡಾಗಿತ್ತು.

"ನಿನ್ನೆ ನೀವು ಹೋದ ಮ್ಯಾಲ ಚೆಲ್ಲಬೇಕಂತ ಬಂದೇನ್ರಿ," ಅಂದಳು. "ಒಬ್ಬಾಕಿ ಕೈಲೆ ಆಗ್ಲಿಲ್ಲ. ನಮ್ಮನಿಯವ್ರು ಪರಊರಿಗೆ ಗಾಡಿ ತಗೊಂಡು ಹೋಗ್ಯಾರ. ಯಾರನ್ನ ಕರೀಬೇಕು?"

ನಾವು ಮೂವರೂ ಡ್ರಮ್ಮಿಗೆ ಕೈ ಹಾಕಿದೆವು. ಸಂಜೀವಯ್ಯನವರಿಗೆ ಹಿಡಿತ ಸಾಲಲಿಲ್ಲ, ಭುಜ ಕೊಟ್ಟು ತಳ್ಳಿದರು. ನೀರು ತಾರಸಿಯ ತುಂಬ ಹರಡಿತು. ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ಆ ಎಳೆಗಳು ಸ್ವಲ್ಪ ಹೊತ್ತು ತಿರುಚಿಕೊಂಡು ನಿಂತವು. ಶಂಕ್ರವ್ವ ಪೊರಕೆ ತಂದು ಮೂಲೆಮೂಲೆ ಗುಡಿಸಿದಳು.

ಕೆಳಗೆ ಗೇಟಿನ ಹತ್ತಿರ ಸಂಜೀವಯ್ಯ ನಿಂತರು. "ರೂಲ್ ಪ್ರಕಾರ ನೋಟೀಸ್ ಓನರ್ ಹೆಸರಿಗೆ ಹೋಗ್ಬೇಕು ಮೇಡಂ. ನಿಮ್ಮ ಯಜಮಾನರ ಹೆಸರಿಗೆ. ಆಮೇಲೆ ಏನಾಗುತ್ತೆ ಅಂತ ನಿಮಗೂ ಗೊತ್ತು, ನಂಗೂ ಗೊತ್ತು. ನಾಳೆ ಇಡೀ ಬೀದಿ ಹಲಗೆ ಹಿಂದೆ ಡ್ರಮ್ ಇಡುತ್ತೆ." ಜೇಬಿನಿಂದ ಪೆನ್ನು ತೆಗೆದವರು ಮತ್ತೆ ಒಳಗಿಟ್ಟರು. "ನಾನು ಬಚ್ಚಲಿನ ಡ್ರಮ್ ಮಾತ್ರ ನೋಡಿದ್ದು. ಮಗಳನ್ನ ಸೊಳ್ಳೆಪರದೆ ಒಳಗೇ ಮಲಗಿಸಿ, ಹಗಲೂನೂ. ಜ್ವರ ಬಂದ್ರೆ ಕಾಯಬೇಡಿ, ಆ ಕ್ಷಣ ಹೊರಡಿ."

ಸಂಜೆ ಸೋಮನಾಥ್ ಬಂದರು. ನಾಗಲಕ್ಷ್ಮಮ್ಮ ಬೀದಿಯಲ್ಲೇ ಸುದ್ದಿ ಕೊಟ್ಟಿರಬೇಕು. ಚಪ್ಪಲಿ ಬಿಡುವಾಗಲೇ ಕೇಳಿದರು. "ಇನ್‌ಸ್ಪೆಕ್ಟರ್ ಬಂದಿದ್ರಂತೆ? ಮೇಲೆ ಏನಾದ್ರೂ ಸಿಕ್ತಾ?"

"ಬಚ್ಚಲಿನ ಡ್ರಮ್ ತೊಳೆಸಿದ್ರು."

"ಅಷ್ಟೇನಾ? ತಾರಸಿ?"

"ಶಂಕ್ರವ್ವ ಪೂರ್ತಿ ಗುಡಿಸಿದಾಳೆ. ಇನ್ಮೇಲೆ ಸಂಜೆನೂ ಮೋಟರ್ ಹಾಕ್ತೀನಿ ರೀ. ಬಿಲ್ ಬಂದ್ರೆ ಬರಲಿ."

ಅವರು ನನ್ನ ಮುಖ ನೋಡಿದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರ ನಿಯಮ ಬದಲಿಸುವ ಮಾತನ್ನು ನಾನು ಕೇಳುವ ಧಾಟಿಯಲ್ಲಿ ಅಲ್ಲದೆ ಹೇಳುವ ಧಾಟಿಯಲ್ಲಿ ಆಡಿದ್ದು ಅದೇ ಮೊದಲು. ಏನೋ ಅನ್ನಲು ಹೋಗಿ, "ಮೇಘಾ ಹೇಗಿದಾಳೆ?" ಅಂದರು.

"ಮಲಗಿದಾಳೆ."

ಅವಳ ಕೋಣೆಗೆ ಹೋದೆ. ಪರದೆಯೊಳಗೆ ಕೈ ತೂರಿಸಿ ಅವಳ ಹಣೆ ಮುಟ್ಟಿದೆ. ತಣ್ಣಗಿತ್ತು. ಇವತ್ತು ತಣ್ಣಗಿದೆ, ಅಷ್ಟೇ. ನಾಳೆ ಬಿಸಿಯಾಗಬಹುದು. ಹಾಗಾದರೆ ಎಲ್ಲರೂ ಕೇಳುತ್ತಾರೆ, ಎಲ್ಲಿಂದ ಬಂತು ಎಂದು. ಸೋಮನಾಥ್ ಕೇಳುತ್ತಾರೆ, ಬೀಗರು ಕೇಳುತ್ತಾರೆ, ಇವಳೇ ನನ್ನ ಮುಖ ನೋಡಿ ಕೇಳುತ್ತಾಳೆ. ಹೇಳಿಬಿಟ್ಟರೆ ನನ್ನ ಎದೆ ಹಗುರವಾಗುತ್ತದೆ. ಮೇಲಿನ ಮನೆ ಖಾಲಿಯಾಗುತ್ತದೆ. ಆ ಹೆಂಗಸು ಇನ್ನು ಯಾವ ಊರಲ್ಲಿದ್ದರೂ ಯಾರ ಎದುರೂ ಹಲಗೆ ಸರಿಸುವುದಿಲ್ಲ.

ಮೇಲೆ ಬಕೆಟ್ಟು ಇಟ್ಟ ಸದ್ದಾಯಿತು. ಶಂಕ್ರವ್ವ ನೀರು ತುಂಬಿಕೊಳ್ಳುತ್ತಿದ್ದಳು. ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸುತ್ತಲೂ ಸಿಕ್ಕಿಸುತ್ತಾ, ಜ್ವರ ಬರಲಿ, ಬಾರದಿರಲಿ, ನೀಲಿ ಡ್ರಮ್ಮಿನ ಮಾತನ್ನು ಯಾರಿಗೂ ಹೇಳುವುದಿಲ್ಲವೆಂದು ತೀರ್ಮಾನಿಸಿದೆ.